ತೇಜಸ್ವಿನಿಯ ಮೇಲೆ ಒಂದು ಹಗಲು

ನಮ್ಮ ಎಣ್ಮಕಜೆಯ ಕಡೆ ದೋಣಿಗಳಿಲ್ಲ. ಪೆರ್ಲದಿಂದ ಪಡ್ರೆಗೋ ಸ್ವರ್ಗಕ್ಕೋ ಹೋಗಿ ಬಂದವರು ಕಂಡಿರುವಂತೆ ಇದು ಗುಡ್ಡಗಳ ಸೀಮೆ. ಮಳೆಗಾಲದಲ್ಲಿ ತೋಡುಗಳು ಮೊರೆಯುತ್ತವೆ. ಬೇಸಗೆಯಲ್ಲಿ ಬತ್ತಿ ಕಲ್ಲು ತೋರುತ್ತವೆ. ನಮ್ಮ ನಿಜವಾದ ನೀರು ಗುಡ್ಡದ ಹೊಟ್ಟೆಯೊಳಗಿನದು. ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಮನುಷ್ಯನೊಬ್ಬ ಬಗ್ಗಿ ನಡೆಯುವಷ್ಟು ಎತ್ತರಕ್ಕೆ ತೋಡಿದ ಸುರಂಗಗಳಿಂದ ತೊಟ್ಟಿಕ್ಕಿ ಬರುವ ನೀರನ್ನು ಕೆರೆಯಲ್ಲಿ ನಿಲ್ಲಿಸಿ, ಅದನ್ನೇ ಕುಡಿದು, ಅದರಿಂದಲೇ ಅಡಕೆ ತೋಟವನ್ನು ಸಾಕಿ ಬಾಳಿದ ಜನ ನಾವು. ಆದುದರಿಂದ, ನಮ್ಮೂರ ಮಕ್ಕಳನ್ನು ದೋಣಿಯಲ್ಲಿ ಕುಳ್ಳಿರಿಸಿ ಒಂದು ದಿನ ನೀರ ಮೇಲೆ ಕರೆದೊಯ್ಯುತ್ತೇವೆಂಬ ಆಹ್ವಾನ ನೀಲೇಶ್ವರದ ಕಡೆಯಿಂದ ಬಂದಾಗ ನನಗೆ ಸಂತೋಷಕ್ಕಿಂತ ಅಂಜಿಕೆಯೇ ಹೆಚ್ಚಾಯಿತೆಂದು ಒಪ್ಪಿಕೊಳ್ಳಬೇಕು.

ಕರೆದವರು ತೇಜಸ್ವಿನೀ ಹೊಳೆಯ ದಂಡೆಯ ಒಂದು ಹಳ್ಳಿಯ ದೋಣಿ ಸಂಘದವರು. ಆ ಕಡೆಯ ಹಳ್ಳಿಗಳಲ್ಲಿ ಇಂತಹ ಸಂಘಗಳು ಹಲವು ಇವೆ. ಹದಿನೈದು ಹುಟ್ಟಿನ ದೋಣಿ, ಇಪ್ಪತ್ತೈದು ಹುಟ್ಟಿನ ದೋಣಿ ಎಂದು ಪಂದ್ಯಗಳನ್ನು ನಡೆಸಿ, ಗೆದ್ದ ಬಟ್ಟಲುಗಳನ್ನು ವಾಚನಾಲಯದ ಕಪಾಟಿನಲ್ಲಿಟ್ಟು ಸಂತೋಷಪಡುವ ಜನರು. ವರ್ಷಕ್ಕೊಂದು ದಿನವನ್ನು ಧರ್ಮಕಾರ್ಯಕ್ಕೆ ಮೀಸಲಿಡಬೇಕೆಂದು ಅವರು ನಿಶ್ಚಯಿಸಿದ್ದರಂತೆ. ಆ ಸಲ ಅವರು ಆರಿಸಿದ್ದು ಎಂಡೋಸಲ್ಫಾನ್ ಬಾಧಿತ ಮಕ್ಕಳನ್ನು. ಮಕ್ಕಳನ್ನು ಕಳುಹಿಸತಕ್ಕದ್ದು ಪಂಚಾಯತಿನ ಬಡ್ಸ್ ಶಾಲೆ. ಜತೆಗೆ ಮಲೆಯಾಳವನ್ನೂ ಕನ್ನಡವನ್ನೂ ಬಲ್ಲ, ಮನೆಗಳವರಿಗೆ ಪರಿಚಿತನಾದ ಒಬ್ಬ ಮಾಸ್ತರ ಬೇಕೆಂದು ಅಲ್ಲಿನ ಅಧ್ಯಾಪಿಕೆ ನನ್ನನ್ನು ಕೇಳಿದರು. 2024ರ ಜನವರಿ ತಿಂಗಳ ಎರಡನೆಯ ಶನಿವಾರ ಎಂದು ದಿನ ಗೊತ್ತಾಯಿತು. ಹಿಂದಿನ ರಾತ್ರಿ ನಾನು ಮಲೆಯಾಳದಲ್ಲಿ ಎರಡು ಪುಟಗಳ ಕೃತಜ್ಞತಾ ಭಾಷಣವನ್ನು ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಮುಖ್ಯೋಪಾಧ್ಯಾಯರ ಜಾತಿಯೇ ಹಾಗೆ. ಹೊಳೆಗೆ ಹೋಗುವಾಗಲೂ ಭಾಷಣವಿಲ್ಲದೆ ಹೊರಡುವುದಿಲ್ಲ.

ಈ ಪತ್ರಿಕೆಯನ್ನು ದೂರದ ಸೋಲಾಪುರದಲ್ಲೋ ಆದೋನಿಯಲ್ಲೋ ಓದುವವರಿಗಾಗಿ ನಮ್ಮ ಈ ವಿಪತ್ತಿನ ಸಂಗತಿಯನ್ನು ನಾಲ್ಕು ಮಾತುಗಳಲ್ಲಿ ಹೇಳಬೇಕಾಗಿದೆ. ಕಾಸರಗೋಡು ಜಿಲ್ಲೆಯ ಗುಡ್ಡಗಳ ಮೇಲೆ ಸರಕಾರಿ ಸ್ವಾಮ್ಯದ ಗೇರು ತೋಟಗಳು ಸಾವಿರಾರು ಹೆಕ್ಟೇರುಗಳಷ್ಟಿವೆ. ಗೇರು ಹೂಬಿಡುವ ಕಾಲಕ್ಕೆ ಟೀ ಸೊಳ್ಳೆಯೆಂಬ ಕೀಟವು ಚಿಗುರಿನ ರಸ ಹೀರುತ್ತದೆ. ಅದನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸಿಂಪಡಿಸಿದರು. ತೋಟ ಗುಡ್ಡದ ನೆತ್ತಿಯ ಮೇಲೆ. ಮನೆ, ಬಾವಿ, ಸುರಂಗ, ಶಾಲೆ ಎಲ್ಲವೂ ಕೆಳಗೆ ಕಣಿವೆಯಲ್ಲಿ. ಗಾಳಿ ತಂದದ್ದು ನಮಗೆ, ಮಳೆ ತೊಳೆದದ್ದೂ ನಮಗೆ.

ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಹೆಲಿಕಾಪ್ಟರಿನ ಸದ್ದು ಕೇಳಿದ ಕೂಡಲೇ ತರಗತಿ ಬಿಟ್ಟು ಅಂಗಳಕ್ಕೆ ಓಡುತ್ತಿದ್ದೆವು. ಮಾಸ್ತರರೂ ತಡೆಯುತ್ತಿರಲಿಲ್ಲ, ಅವರೂ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಕೈ ಬೀಸಿದರೆ ಒಳಗಿನವನು ಕೈ ಬೀಸಿಯಾನೇ ಎಂಬ ಆಸೆ ನಮಗೆ. ತೆಳ್ಳಗೆ ಮಂಜಿನಂತಹದು ಇಳಿದು ಕಣ್ಣು ಉರಿಯುತ್ತಿತ್ತು. ಬಾವಿ ಮುಚ್ಚಿರೆಂದು ಹೇಳಿದ್ದುಂಟಂತೆ. ಸುರಂಗದ ಕೆರೆಯನ್ನೂ ಹರಿಯುವ ತೋಡನ್ನೂ ಯಾವುದರಿಂದ ಮುಚ್ಚುವುದು?

ಪಡ್ರೆಯಲ್ಲಿ ಕರುಗಳು ಅಂಗವಿಕಾರದೊಂದಿಗೆ ಹುಟ್ಟುವುದನ್ನು ಗಮನಿಸಿ ಶ್ರೀಪಡ್ರೆಯವರು 1980ರ ಆಸುಪಾಸಿನಲ್ಲಿಯೇ ಪತ್ರಿಕೆಗಳಲ್ಲಿ ಬರೆದಿದ್ದರು. ವಾಣೀನಗರದ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರರು ತಮ್ಮ ರೋಗಿಗಳ ಪಟ್ಟಿಯಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರುಗಳು ಸಣ್ಣದೊಂದು ಪ್ರದೇಶದಲ್ಲಿ ಗುಂಪಾಗಿರುವುದನ್ನು ಕಂಡು ದನಿಯೆತ್ತಿದರು. ಕಾರಣದ ವಿಷಯದಲ್ಲಿ ಪಂಡಿತರೊಳಗೆ ವಾದ ನಡೆದುದೂ ಉಂಟು. ವಾದ ನಡೆಯುತ್ತಿದ್ದಂತೆಯೇ ಮಕ್ಕಳು ಹುಟ್ಟುತ್ತಿದ್ದರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಈ ವಿಷವನ್ನು ತಡೆಯಿತು. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆಜ್ಞಾಪಿಸಿತು. ಆ ಹಣ ಹಲವರ ಕೈಸೇರಲು ಇನ್ನೂ ಐದು ವರ್ಷಗಳೂ ನ್ಯಾಯಾಲಯದ ಮತ್ತೊಂದು ಗದರಿಕೆಯೂ ಬೇಕಾದವು. ಸರಕಾರದ ಪಟ್ಟಿಯಲ್ಲಿ ಸೇರಿದವರೇ ಆರು ಸಾವಿರಕ್ಕೆ ಮೇಲ್ಪಟ್ಟವರು.

ಇನ್ನು ಪ್ರಯಾಣಕ್ಕೆ ಬರೋಣ.

ಬೆಳಗ್ಗೆ ಏಳು ಗಂಟೆಗೆ ಪೆರ್ಲದಿಂದ ಬಸ್ಸು ಹೊರಟಿತು. ಹತ್ತೊಂಬತ್ತು ಮಂದಿ 'ಮಕ್ಕಳು', ಹದಿನೆಂಟು ಮಂದಿ ತಾಯಂದಿರು, ಒಬ್ಬ ಅಜ್ಜ. ಮಕ್ಕಳೆಂದು ನಾವು ಹೇಳುವ ಇವರಲ್ಲಿ ಹನ್ನೊಂದು ವರ್ಷದವಳಿಂದ ಮೂವತ್ತು ದಾಟಿದವರವರೆಗೂ ಇದ್ದರು. ಹೆತ್ತವರಿಗೆ ಅವರೆಲ್ಲ ಇಂದಿಗೂ ಎತ್ತಿ ಮೀಯಿಸಬೇಕಾದ ಮಕ್ಕಳೇ. ಬಸ್ಸಿನೊಳಗೆ ತುಳು, ಕನ್ನಡ, ಮರಾಟಿ, ಮಲೆಯಾಳ ನಾಲ್ಕೂ ಕೇಳಿಸುತ್ತಿದ್ದವು. ಬದಿಯಡ್ಕ ದಾಟಿ ಚೆರ್ಕಳಕ್ಕೆ ಬಂದೆವು. ಅಲ್ಲಿಂದ ಮುಂದೆ ರಾಷ್ಟ್ರೀಯ ಹೆದ್ದಾರಿಯನ್ನು ಅಗಲ ಮಾಡುವ ಕೆಲಸ ಆಗ ಭರದಿಂದ ನಡೆಯುತ್ತಿದ್ದುದರಿಂದ ದಾರಿಯುದ್ದಕ್ಕೂ ಗುಡ್ಡಗಳ ಕೆಂಪು ಕರುಳು ಹೊರಬಿದ್ದಂತೆ ಕಾಣುತ್ತಿತ್ತು. ತೆಕ್ಕಿಲಿನ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಕೆಳಗೆ ಚಂದ್ರಗಿರಿ ಹೊಳೆ. ತುಳುನಾಡು ಇಲ್ಲಿಗೆ ಮುಗಿದು ಮಲೆಯಾಳ ಆರಂಭವಾಗುತ್ತದೆಂದು ಹಿರಿಯರು ಹೇಳುತ್ತಿದ್ದ ಗಡಿ ಇದೇ. ಕಿಟಕಿಗೆ ಕೆನ್ನೆಯೊತ್ತಿ ಕುಳಿತಿದ್ದ ಬಾಲಕನೊಬ್ಬನಿಗೆ "ನೋಡು ಮಗಾ, ನೀರು" ಎಂದು ಅವನ ತಾಯಿ ತೋರಿಸಿದಳು. ಅವನು ನೀರನ್ನು ನೋಡದೆ ಅವಳ ಬೆರಳನ್ನೇ ನೋಡಿ ನಕ್ಕನು.

ಮುಂದೆ ಪೆರಿಯ. ಅಲ್ಲಿಯೂ ಗೇರು ತೋಟ, ಅಲ್ಲಿಯೂ ಅದೇ ಕಥೆ. ಕೃಷಿ ಇಲಾಖೆಯಲ್ಲಿ ಸಣ್ಣ ಉದ್ಯೋಗದಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬವರು 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಡೆಯಾಜ್ಞೆ ತಂದರು. ಒಬ್ಬ ಹೆಂಗಸು ಕಾಗದ ಹಿಡಿದು ಹೋಗಿ ಹೆಲಿಕಾಪ್ಟರನ್ನು ನಿಲ್ಲಿಸಿದ ಊರು ಅದು. ಬಸ್ಸಿನಲ್ಲಿದ್ದ ಯಾರಿಗೂ ನಾನು ಇದನ್ನು ಹೇಳಲಿಲ್ಲ. ಒಬ್ಬ ಹುಡುಗಿಗೆ ವಾಂತಿಯಾಗಿ ಎಲ್ಲರೂ ಆ ಗಡಿಬಿಡಿಯಲ್ಲಿದ್ದರು.

ಕಾಞಂಗಾಡು ಕಳೆದು ನೀಲೇಶ್ವರಕ್ಕೆ ಬಂದು ಪಡುವಕ್ಕೆ ತಿರುಗಿದರೆ ಕೋಟ್ಟಪ್ಪುರಂ ಕಡವು. ಕೊಡಗಿನ ಕಾಡುಗಳಲ್ಲಿ ಹುಟ್ಟಿದ ತೇಜಸ್ವಿನಿಯು ಇಲ್ಲಿ ಅಗಲವಾಗಿ, ಸೋಮಾರಿಯಾಗಿ, ವಲಿಯಪರಂಬದ ಹಿನ್ನೀರಿನೊಳಗೆ ಸೇರಿಕೊಳ್ಳುತ್ತದೆ. ಕಾರ್ಯಂಗೋಡು ಹೊಳೆಯೆಂದರೂ ಇದೇ. ನಿರಂಜನರ 'ಚಿರಸ್ಮರಣೆ'ಯನ್ನು ಓದಿದವರಿಗೆ ಈ ಹೊಳೆ ಅಪರಿಚಿತವಲ್ಲ. 1941ರ ರೈತ ಹೋರಾಟದ ಕಯ್ಯೂರು ಇದರ ದಂಡೆಯಲ್ಲಿಯೇ ಮೇಲಕ್ಕಿದೆ. ಆಚೆ ದಡದಲ್ಲಿ ತೆಂಗಿನ ಸಾಲು, ಈಚೆ ಕಾಂಡ್ಲಾ ಪೊದೆಗಳು. ದೂರದಲ್ಲಿ ಬಿದಿರ ಚಪ್ಪರದಿಂದ ಹಗ್ಗ ಇಳಿಬಿಟ್ಟು ಕಲ್ಲುಮ್ಮಕ್ಕಾಯಿ ಬೆಳೆಸುವವರ ಸಾಲುಗಳು. ಗಾಳಿಯಲ್ಲಿ ಉಪ್ಪು.

ಸಂಘದವರು ಕಡವಿನಲ್ಲಿ ಕಾದಿದ್ದರು. ಕಳ್ಳಿಳಿಸುವವರು, ಗಾರೆ ಕೆಲಸದವರು, ಮೀನು ಹಿಡಿಯುವವರು, ಒಬ್ಬ ಬಸ್ಸು ಕಂಡಕ್ಟರು. ತೋರಣವಿರಲಿಲ್ಲ, ಧ್ವನಿವರ್ಧಕವಿರಲಿಲ್ಲ. ನಾನು ಸಂಘದ ಹಿರಿಯನ ಬಳಿಗೆ ಹೋಗಿ, ಎರಡು ಮಾತು ಆಡಬಹುದೇ ಎಂದು ಜೇಬಿನ ಕಾಗದವನ್ನು ಮುಟ್ಟಿದೆ. ಆತ ಹೊಳೆಯ ಕಡೆ ನೋಡಿ, "ಮಾಷೇ, ಭರತ ನಮಗೋಸ್ಕರ ಕಾಯುವುದಿಲ್ಲ" ಎಂದು ಮಲೆಯಾಳದಲ್ಲಿ ಹೇಳಿ ನಡೆದೇಬಿಟ್ಟನು.

ಆ ಮಾತಿನ ಅರ್ಥ ಸ್ವಲ್ಪ ಹೊತ್ತಿನ ಬಳಿಕ ತಿಳಿಯಿತು. ಆ ಶನಿವಾರವನ್ನು ಅವರು ರಜೆಯೆಂದು ಮಾತ್ರ ಆರಿಸಿದ್ದಲ್ಲ. ಎರಡು ದಿನಗಳ ಹಿಂದೆ ಅಮಾವಾಸ್ಯೆ. ಆ ದಿನಗಳಲ್ಲಿ ಭರತದ ನೀರು ತುಂಬ ಮೇಲೇರುತ್ತದೆ. ಮಧ್ಯಾಹ್ನದ ಸುಮಾರಿಗೆ ಕೆಟ್ಟುವಳ್ಳದ ಅಂಚು ಕಡವಿನ ಕಟ್ಟೆಗೆ ಸರಿಸಮವಾಗಿ ನಿಲ್ಲುತ್ತದೆ. ಆಗ ನಡುವೆ ಒಂದು ಹಲಗೆ ಇಟ್ಟರೆ ಗಾಲಿಕುರ್ಚಿಯನ್ನು ನೆಟ್ಟಗೆ ದೂಡಿಕೊಂಡು ಹೋಗಬಹುದು. ಯಾರನ್ನೂ ಮೂಟೆಯಂತೆ ಎತ್ತಿ ಇಳಿಸಬೇಕಾಗಿಲ್ಲ. ಇಳಿತದಲ್ಲಿ ದೋಣಿ ಎರಡು ಮೆಟ್ಟಲು ಕೆಳಗೆ ಹೋಗುತ್ತದೆ. ನಮ್ಮ ಮಕ್ಕಳಿಗಾಗಿ ಸರಕಾರಿ ಕಚೇರಿಗಳಲ್ಲಿ ಇಳಿಜಾರು ಕಟ್ಟಿಸಬೇಕೆಂದು ಎಷ್ಟು ಅರ್ಜಿಗಳನ್ನು ನಾನೇ ಬರೆದುಕೊಟ್ಟಿದ್ದೇನೆ! ಈ ಜನ ಅಮಾವಾಸ್ಯೆ ನೋಡಿ ದಿನವಿಟ್ಟಿದ್ದರು.

ಹಲಗೆಯ ಪಕ್ಕದಲ್ಲಿ ಒಂದು ಮೇಜು. ಅದರ ಮೇಲೆ ಉದ್ದನೆಯ ದಪ್ಪ ರಟ್ಟಿನ ಪುಸ್ತಕ. 2023ರ ಮೇ 7ರಂದು ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ವಿಹಾರದ ದೋಣಿ ಮಗುಚಿ 22 ಮಂದಿ ಸತ್ತ ಬಳಿಕ ಈ ಸಂಘದವರು ಬಹಳ ಕಟ್ಟುನಿಟ್ಟಾಗಿದ್ದರು. ಹೆಸರು ಬರೆಯದೆ ಯಾರೂ ದೋಣಿ ಏರಕೂಡದು, ಲೈಫ್ ಜಾಕೆಟ್ಟು ಇಲ್ಲದೆ ಹಲಗೆ ದಾಟಕೂಡದು. ಕಂಡಕ್ಟರು ಲೆಕ್ಕಣಿಕೆ ಹಿಡಿದು ಕುಳಿತಿದ್ದನು. ಭಾಷೆ ತಿಳಿಯದ ತಾಯಂದಿರಿಗೆ ನಾನು ದುಭಾಷಿ. ಹೆಸರು, ವಯಸ್ಸು, ಮನೆ.

ಏಳನೆಯದಾಗಿ ಬಂದವಳನ್ನು ನಾನು ಬಸ್ಸಿನಲ್ಲಿಯೇ ಗುರುತಿಸಿದ್ದೆ. ಗುರುತಿಸದವನಂತೆ ಮುಂದಿನ ಸೀಟಿನಲ್ಲಿ ಕುಳಿತಿದ್ದೆ.

1996ರ ಜೂನ್ ತಿಂಗಳು. ಶಿಕ್ಷಕ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿ ನಾಲ್ಕೈದು ವರ್ಷಗಳಾಗಿದ್ದವು. ಒಂದನೆಯ ತರಗತಿಯ ದಾಖಲಾತಿ ನನ್ನ ಪಾಲಿನ ಕೆಲಸ. ಜಡಿಮಳೆಯಲ್ಲಿ ಗಂಡ ಹೆಂಡತಿ ಬಂದರು. ಗಂಡನ ಹೆಗಲ ಮೇಲೆ ಆರು ವರ್ಷದ ಹುಡುಗ. ತಲೆ ದೊಡ್ಡದು, ಕತ್ತು ನಿಲ್ಲದು, ಬಾಯಿಂದ ಜೊಲ್ಲು. "ಹೆಸರು ಬರೆಯಿರಿ ಮಾಷ್ಟ್ರೇ, ಮೂಲೆಯಲ್ಲಿ ಕುಳಿತುಕೊಳ್ಳುತ್ತಾನೆ" ಎಂದಳು ತಾಯಿ. ತರಬೇತಿ ಶಾಲೆಯಲ್ಲಿ ಪ್ಯಾಜೆ, ಫ್ರೋಬೆಲ್ ಎಂದು ಗಿಳಿಪಾಠ ಒಪ್ಪಿಸಿ ಬಂದ ನಾನು, "ಇವನಿಗೆ ಶಾಲೆಯಿಂದ ಏನು ಪ್ರಯೋಜನ ಅಕ್ಕ? ವಿಶೇಷ ಶಾಲೆ ಇರುವಲ್ಲಿಗೆ ಕೊಂಡುಹೋಗಿ" ಎಂದೆ. ಎಲ್ಲಿದೆಯೆಂದು ಅವರು ಕೇಳಲಿಲ್ಲ, ನನಗೂ ತಿಳಿದಿರಲಿಲ್ಲ. ಅಂಗವಿಕಲರಿಗೆ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ದೊರೆಯತಕ್ಕದ್ದೆಂಬ ಕಾನೂನು ಅದರ ಹಿಂದಿನ ವರ್ಷವೇ, 1995ರಲ್ಲಿ, ಆಗಿತ್ತೆಂದು ಎಷ್ಟೋ ಕಾಲದ ಮೇಲೆ ಓದಿ ತಿಳಿದೆ. ಅವರು ಅದೇ ಮಳೆಯಲ್ಲಿ ಹಿಂದಿರುಗಿದರು.

ಈಗ ಗಾಲಿಕುರ್ಚಿಯಲ್ಲಿದ್ದ ಅವನ ಗಡ್ಡದಲ್ಲಿ ಒಂದೆರಡು ಬೆಳ್ಳಿ ಕೂದಲುಗಳಿದ್ದವು. ತಂದೆ ತೀರಿಕೊಂಡು ವರ್ಷಗಳಾಗಿದ್ದವು. ಕಂಡಕ್ಟರು ಹೆಸರು ಕೇಳಿದನು. ಅವಳು ಹೇಳಿದಳು. ವಯಸ್ಸು ಕೇಳಿದನು. "ಮೂವತ್ತಮೂರು." ಅವನು ಮಲೆಯಾಳದ ದುಂಡು ಅಕ್ಷರಗಳಲ್ಲಿ ನಿಧಾನವಾಗಿ ಬರೆದನು. ಅವಳು ಬಗ್ಗಿ, ಓದಲು ಬಾರದ ಆ ಸಾಲನ್ನು ನೋಡುತ್ತಾ ನಿಂತಳು. ಬಳಿಕ ನನ್ನ ಕಡೆ ತಿರುಗಿ, "ಮಾಷ್ಟ್ರೇ, ಇದು ಇವನ ಹೆಸರೇ ಅಲ್ಲವೇ?" ಎಂದು ಕೇಳಿದಳು.

"ಹೌದು ಅಕ್ಕ."

"ಸರಿಯಾಗಿ ಬರೆದಿದ್ದಾರಾ?"

ಸರಿಯಾಗಿಯೇ ಬರೆದಿದ್ದರು. ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಆ ಹಳೆಯ ದಿನ ಅವಳಿಗೆ ನೆನಪಿತ್ತೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ. ನಾನೇ ಅವನ ಜಾಕೆಟ್ಟಿನ ಪಟ್ಟಿಗಳನ್ನು ಕಟ್ಟಲು ಹೋದೆ. ಕೈ ನಡುಗಿ ತಪ್ಪಾಗಿ ಕಟ್ಟಿದೆ. ಒಬ್ಬ ಹುಡುಗ ಬಂದು ಬಿಚ್ಚಿ ಸರಿಪಡಿಸಿದನು.

ದೋಣಿ ಹೊರಟಿತು. ಮೊದಲಿಗೆ ಭಯ. ಮೋಟಾರು ಗುಡುಗುಟ್ಟಿದ ಕೂಡಲೇ ಇಬ್ಬರು ಮಕ್ಕಳು ಅತ್ತರು. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಹಲಗೆಯ ಬಳಿಯೇ ಕಿರಿಚಿ ನೆಲಕ್ಕೆ ಕುಳಿತು ಯಾರೆಷ್ಟು ಹೇಳಿದರೂ ಏಳಲಿಲ್ಲ. ಯಾರೂ ಒತ್ತಾಯಿಸಲಿಲ್ಲ. ಸಂಘದ ಒಬ್ಬ ಹೆಂಗಸು ಅವಳನ್ನೂ ಅವಳ ತಾಯಿಯನ್ನೂ ದಡದ ತೆಂಗಿನ ನೆರಳಿಗೆ ಕರೆದೊಯ್ದು, ಬಕೆಟ್ಟಿನಲ್ಲಿ ಹೊಳೆಯ ನೀರು ತಂದು ಮುಂದಿಟ್ಟಳು. ನಾವು ಹಿಂದಿರುಗುವವರೆಗೂ ಆ ಹುಡುಗಿ ಬಕೆಟ್ಟಿನಲ್ಲಿ ಕೈಯಾಡಿಸುತ್ತಿದ್ದಳಂತೆ. ಅವಳ ಹೊಳೆ ಅಷ್ಟೇ.

ಹೊಳೆಯ ನಡುವಿಗೆ ಬಂದ ಮೇಲೆ ಮೋಟಾರನ್ನು ನಿಲ್ಲಿಸಿದರು. ಆ ಮೌನವನ್ನು ಹೇಗೆ ವರ್ಣಿಸಲಿ? ಆಗ ಹಿಂದಿನಿಂದ ಪಂದ್ಯದ ದೋಣಿ ಬಂತು. ಇಪ್ಪತ್ತೈದು ಹುಟ್ಟುಗಳು ಒಟ್ಟಿಗೆ ನೀರಿಗೆ ಬಿದ್ದು ಒಟ್ಟಿಗೆ ಏಳುತ್ತಿದ್ದವು. ತಾಳ ಹಿಡಿಯುವವನು ಹಲಗೆಗೆ ಕುಟ್ಟುತ್ತಿದ್ದನು. ಕುಟ್ಟಿದ ಸದ್ದು ನೀರಿನ ಮೂಲಕ ಬಂದು ನಮ್ಮ ದೋಣಿಯ ಮರವನ್ನು ಅದುರಿಸುತ್ತಿತ್ತು. ಕಣ್ಣು ಕಾಣದ ಹುಡುಗನೊಬ್ಬನು ದೋಣಿಯ ಅಂಚಿಗೆ ಅಂಗೈಯೂರಿ ಅದನ್ನು ಕೈಯಿಂದಲೇ ಕೇಳಿದನು. ಅವರು ಪಕ್ಕಕ್ಕೆ ಬಂದು ನಿಂತು ಒಂದು ಹುಟ್ಟನ್ನು ನಮ್ಮತ್ತ ಚಾಚಿದರು. ಒಬ್ಬೊಬ್ಬರಾಗಿ ಹಿಡಿದು ನೋಡಿದರು. ಹಿಡಿಯಲಾರದವರ ಬೆರಳನ್ನು ತಾಯಂದಿರು ಮಡಚಿ ಹಿಡಿಸಿದರು. ದೊಡ್ಡ ಪವಾಡವೇನೂ ನಡೆಯಲಿಲ್ಲ. ಮಾತು ಬಾರದವರಿಗೆ ಮಾತು ಬರಲಿಲ್ಲ. ಕೆಲವರು ನಿದ್ದೆಹೋದರು.

ನಾನು ಗಮನಿಸಿದ್ದು ತಾಯಂದಿರನ್ನು. ಇಪ್ಪತ್ತು, ಮೂವತ್ತು ವರ್ಷಗಳಿಂದ ಒಂದು ಕೋಣೆಯನ್ನು ಬಿಟ್ಟು ಆಸ್ಪತ್ರೆಗೂ ಧರಣಿಗೂ ಹೊರತು ಎಲ್ಲಿಗೂ ಹೋಗದಿದ್ದವರು. 2019ರಲ್ಲಿ ಇಂತಹ ತಾಯಂದಿರು ಮಕ್ಕಳೊಂದಿಗೆ ತಿರುವನಂತಪುರಕ್ಕೆ ಹೋಗಿ ಉಪವಾಸ ಕುಳಿತಿದ್ದರು. ಅವರು ಕಂಡ ದೂರದ ಊರು ಅದೊಂದೇ. ಇಲ್ಲಿ ಮಕ್ಕಳ ಬಳಿ ಒಬ್ಬೊಬ್ಬ ಹುಟ್ಟು ಹಾಕುವವನು ಕುಳಿತಿದ್ದುದರಿಂದ ಅವರ ಕೈಗಳು ಬರಿದಾಗಿದ್ದವು. ಬರಿದಾದ ಕೈಗಳನ್ನು ಏನು ಮಾಡುವುದೆಂದು ಮೊದಲು ಅವರಿಗೆ ತೋಚಲಿಲ್ಲ. ಬಳಿಕ ಒಬ್ಬಳು ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡಳು. ಇಬ್ಬರು ಎಲೆಯಡಕೆ ಹಾಕಿಕೊಂಡು ದಡದ ಮನೆಗಳ ಮಾಡುಗಳ ವಿಷಯ ಮಾತಾಡಿದರು.

ಅವಳು ನನ್ನ ಬಳಿಯೇ ಕುಳಿತಿದ್ದಳು. ಹೊಳೆಯನ್ನು ನೋಡುತ್ತಾ, "ದುಡ್ಡು ಬಂತು ಮಾಷ್ಟ್ರೇ, ಬ್ಯಾಂಕಿನಲ್ಲಿದೆ. ನನಗೆ ಅರುವತ್ತು ಹತ್ತಿರವಾಯಿತು. ದುಡ್ಡು ಇವನಿಗೆ ಗಂಜಿ ಉಣಿಸುತ್ತದೆಯೇ?" ಎಂದಳು. ಮುಳಿಯಾರಿನಲ್ಲಿ ಪುನರ್ವಸತಿ ಗ್ರಾಮವೊಂದನ್ನು ಕಟ್ಟುವ ಮಾತು ಆಗ ವರ್ಷಗಳಿಂದ ನಡೆಯುತ್ತಿತ್ತು. ಅದನ್ನು ಹೇಳಹೊರಟು ನಿಲ್ಲಿಸಿದೆ. ಮತ್ತೊಮ್ಮೆ ಅವಳನ್ನು ಇನ್ನೆಲ್ಲಿಗೋ ಕಳುಹಿಸುವ ಬಾಯಿ ನನ್ನದಾಗಬಾರದೆನಿಸಿತು.

ಇಂತಹ ಧರ್ಮಕಾರ್ಯಗಳ ವಿಷಯದಲ್ಲಿ ನನಗೆ ಹಳೆಯ ಸಂಶಯಗಳಿವೆ. ಹಣ್ಣು ಹಂಚಿ ಭಾವಚಿತ್ರ ತೆಗೆಸಿಕೊಂಡು ಹೋದವರನ್ನು ಸಾಕಷ್ಟು ಕಂಡಿದ್ದೇನೆ. ನಮ್ಮ ಮಕ್ಕಳ ಮುಖಗಳು ಲೋಕವನ್ನೆಲ್ಲ ಸುತ್ತಿವೆ. ಆ ಚಿತ್ರಗಳಿಂದ ವಿಷ ನಿಂತಿತೆಂಬುದೂ ನಿಜವೇ. ಆದರೆ ಆ ದಿನ ಸಂಘದ ಯಾರೂ ಫೋನನ್ನು ಹೊರತೆಗೆಯಲಿಲ್ಲ. ಇದೂ ದಾನವೇ, ಒಂದು ಹಗಲಿನದು. ಸಲ್ಲಬೇಕಾದ ನ್ಯಾಯದ ಲೆಕ್ಕದಲ್ಲಿ ಇದನ್ನು ಜಮೆ ಮಾಡುವಂತಿಲ್ಲ. ಆ ಜನರಿಗೂ ಅದು ಗೊತ್ತಿತ್ತೆಂದು ತೋರುತ್ತದೆ, ಏಕೆಂದರೆ ಅವರಲ್ಲಿ ಒಬ್ಬರೂ ತಾವು ಏನೋ ಕೊಟ್ಟೆವೆಂಬಂತೆ ನಡೆದುಕೊಳ್ಳಲಿಲ್ಲ.

ಇಳಿತ ಬಲವಾಗುವ ಮುಂಚೆಯೇ ಕಡವಿಗೆ ಬಂದೆವು. ಪುಸ್ತಕ ತೆರೆದು, ಇಳಿದವರ ಹೆಸರುಗಳಿಗೆ ಒಂದೊಂದಾಗಿ ಗುರುತು ಹಾಕಿದರು. ಊಟಕ್ಕೆ ಕುಚ್ಚಿಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಬೇಕಾದವರಿಗೆ ಮೀನು. ನುಂಗಲು ಕಷ್ಟಪಡುವವರು ಎಷ್ಟು ಮಂದಿಯೆಂದು ಸಂಘದ ಹೆಂಗಸರು ಹಿಂದಿನ ದಿನವೇ ಫೋನು ಮಾಡಿ ಕೇಳಿ, ಅವರ ಗಂಜಿಯನ್ನು ಬೇರೆಯಾಗಿ ಮೆತ್ತಗೆ ಅರೆದಿಟ್ಟಿದ್ದರು. ಜೇಬಿನ ಕಾಗದ ಬೆವರಿಗೂ ನೀರಿಗೂ ಒದ್ದೆಯಾಗಿ ಅಕ್ಷರಗಳು ಹರಡಿದ್ದವು. ಹಿರಿಯನ ಕೈ ಹಿಡಿದು "ಬರುತ್ತೇವೆ ಏಟ್ಟಾ" ಎಂದಷ್ಟೇ ಹೇಳಿದೆ.

ಪೆರ್ಲ ತಲಪುವಾಗ ಕತ್ತಲೆಯಾಗಿತ್ತು. ಅವಳ ಮನೆ ರಸ್ತೆಯಿಂದ ಕೆಳಗೆ ಕಣಿವೆಯಲ್ಲಿ; ಜೀಪು ಹೋಗುವಲ್ಲಿಯವರೆಗೆ ಹೋಗಿ, ಉಳಿದ ದಾರಿಯನ್ನು ಬಸ್ಸಿನ ಕ್ಲೀನರೂ ನಾನೂ ಅವನನ್ನು ಎತ್ತಿಕೊಂಡು ಇಳಿದೆವು. ಮೂವತ್ತಮೂರು ವರ್ಷದವನು ಅಷ್ಟೊಂದು ಹಗುರವಾಗಿರಬಾರದಿತ್ತು. ಅವನ ಬಟ್ಟೆಯಲ್ಲಿ ಹೊಳೆಯ ವಾಸನೆ ಇತ್ತು. ಅವಳು ಟಾರ್ಚು ಹಿಡಿದು ಮುಂದೆ ನಡೆಯುತ್ತಿದ್ದಳು. ಮನೆಯ ಹಿಂದಿನ ಸುರಂಗದಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

ಜಗಲಿಯಲ್ಲಿ ಅವನನ್ನು ಮಲಗಿಸಿದ ಮೇಲೆ ನನಗೆ ಬೆಲ್ಲವೂ ನೀರೂ ಕೊಟ್ಟು ಕೇಳಿದಳು: "ಬರುವ ವರ್ಷವೂ ಕರೆಯುತ್ತೇವೆಂದರಲ್ಲ ಮಾಷ್ಟ್ರೇ. ಆಗ ಅಮಾವಾಸ್ಯೆ ಎಂದು ಬೀಳುತ್ತದೆ?"

ಬಿಸುವಿಗೆ ಹೊಸ ಪಂಚಾಂಗ ಬರಲಿ, ನೋಡಿ ಬಂದು ಹೇಳುತ್ತೇನೆ ಎಂದೆ.